ಸಹಿ ನಮ್ಮದಾದ ಮೇಲೆ ಹೊಣೆಯೂ ನಮ್ಮದೇ

ಜಿಎನ್‌ಎಂ ನರ್ಸಿಂಗ್ ಕೋರ್ಸ್ ಓದುವಾಗ ಕಾನೂನೆಂದರೆ ಪರೀಕ್ಷೆಯ ಹಿಂದಿನ ರಾತ್ರಿ ಉರು ಹೊಡೆಯುವ ಪಾಠ. ಭಾರತೀಯ ನರ್ಸಿಂಗ್ ಪರಿಷತ್ ಕಾಯ್ದೆ 1947, ನಮ್ಮ ರಾಜ್ಯದ ಕಾಯ್ದೆ 1961. ಇಸವಿ ನೆನಪಿದ್ದರೆ ಅಂಕ ಗ್ಯಾರಂಟಿ. ವಾರ್ಡಿಗೆ ಬಂದರೆ ಅಲ್ಲಿನ ಕಾನೂನೇ ಬೇರೆ. ಡಾಕ್ಟರ್ ಹೇಳುತ್ತಾರೆ, ಸಿಸ್ಟರ್ ಮಾಡುತ್ತಾಳೆ, ಎಡವಟ್ಟಾದರೆ ದೊಡ್ಡವರು ನೋಡಿಕೊಳ್ಳುತ್ತಾರೆ. ದಾವಣಗೆರೆ ಕಡೆಯ ಖಾಸಗಿ ಆಸ್ಪತ್ರೆಗಳಲ್ಲಿ ದುಡಿದು ವಾರ್ಡ್ ಇನ್‌ಚಾರ್ಜ್ ಆಗುವ ಹೊತ್ತಿಗೆ ಈ ಮೂರನೆಯ ಮಾತು ನಂಬುವಂಥದ್ದಲ್ಲ ಎಂದು ನನಗೆ ಮನವರಿಕೆಯಾಗಿತ್ತು.

ಅದು ಮೊದಲು ತಟ್ಟಿದ್ದು ಡ್ಯೂಟಿ ಪಟ್ಟಿ ಹಾಕುವಾಗ. ಕೋರ್ಸ್ ಅರ್ಧಕ್ಕೆ ಬಿಟ್ಟಿದ್ದ ಹುಡುಗಿಯೊಬ್ಬಳನ್ನು ಐಸಿಯು ರಾತ್ರಿ ಪಾಳಿಗೆ ಸ್ಟಾಫ್ ನರ್ಸ್ ಎಂದೇ ಹಾಕಿ ಅಂದರು ಆಡಳಿತದವರು. “ಕೈ ಚುರುಕಿದೆ, ಐವಿ ಹಾಕ್ತಾಳೆ. ಇನ್ನೇನು ಬೇಕು ಸಿಸ್ಟರ್?” “ಕೌನ್ಸಿಲ್ ನೋಂದಣಿ ನಂಬರ್ ಕೊಡಿ ಸರ್, ಈಗಲೇ ಹೆಸರು ಬರೀತೀನಿ” ಅಂದೆ. ನಂಬರ್ ಬರಲಿಲ್ಲ, ಹೆಸರೂ ಬರೆಯಲಿಲ್ಲ. ಸ್ವಲ್ಪ ಕಾಲ ನನ್ನ ರಜೆ ಅರ್ಜಿಗಳೆಲ್ಲ ಮೇಜಿನ ಮೇಲೇ ಕೊಳೆತವು.

ಹಟ ಮಾಡಿದ್ದಕ್ಕೆ ಕಾರಣವಿತ್ತು. ಸ್ಪ್ರಿಂಗ್ ಮೆಡೋಸ್ ಆಸ್ಪತ್ರೆ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1998ರಲ್ಲಿ ಕೊಟ್ಟ ತೀರ್ಪು ಓದಿದ್ದೆ. ಟೈಫಾಯ್ಡ್ ಆಗಿದ್ದ ಮಗುವಿಗೆ ವೈದ್ಯರು ಬರೆದದ್ದು ಕ್ಲೋರಾಂಫೆನಿಕಾಲ್. ರಕ್ತನಾಳಕ್ಕೆ ಹೋದದ್ದು ಮಲೇರಿಯಾಕ್ಕೆ ಕೊಡುವ ಕ್ಲೋರೋಕ್ವಿನ್. ಮಗುವಿನ ಹೃದಯ ನಿಂತಿತು, ಜೀವ ಉಳಿದರೂ ಮಿದುಳಿಗೆ ವಾಸಿಯಾಗದ ಹಾನಿಯಾಯಿತು. ಚುಚ್ಚಿದಾಕೆ ಅರ್ಹ ನರ್ಸೇ ಆಗಿರಲಿಲ್ಲ, ಯಾವ ರಾಜ್ಯದ ಪರಿಷತ್ತಿನಲ್ಲೂ ಅವಳ ಹೆಸರಿರಲಿಲ್ಲ. ಮಗುವಿಗೆ 12.5 ಲಕ್ಷ, ಹೆತ್ತವರಿಗೆ 5 ಲಕ್ಷ ರೂಪಾಯಿ ಪರಿಹಾರ ಕೊಡಬೇಕೆಂಬ ಆದೇಶವನ್ನು ಕೋರ್ಟ್ ಎತ್ತಿಹಿಡಿಯಿತು.

ಯಾವ ಕೋರ್ಸಿನಲ್ಲಿ ಎಷ್ಟು ಕಲಿಸಬೇಕೆಂಬ ಮಟ್ಟ ನಿಗದಿಯಾಗುವುದು ದೆಹಲಿಯಲ್ಲಿ. ನಮ್ಮ ಹೆಸರು ದಾಖಲಾಗುವುದು, ದುರ್ನಡತೆ ಸಾಬೀತಾದರೆ ಅಳಿಸಿಹೋಗುವುದು ಬೆಂಗಳೂರಿನ ರಾಜ್ಯ ನರ್ಸಿಂಗ್ ಪರಿಷತ್ತಿನ ನೋಂದಣಿ ಪುಸ್ತಕದಲ್ಲಿ. 1947ರ ಕಾಯ್ದೆಯ ಜಾಗಕ್ಕೆ ಸಂಸತ್ತು 2023ರಲ್ಲಿ ರಾಷ್ಟ್ರೀಯ ನರ್ಸಿಂಗ್ ಮತ್ತು ಸೂಲಗಿತ್ತಿ ಆಯೋಗದ ಕಾಯ್ದೆ ತಂದಿತು. ನೋಂದಣಿಯಿಲ್ಲದೆ ನರ್ಸ್ ಆಗಿ ಕೆಲಸ ಮಾಡಿದರೆ ಒಂದು ವರ್ಷದವರೆಗೆ ಜೈಲು, 5 ಲಕ್ಷದವರೆಗೆ ದಂಡ, ಇಲ್ಲವೇ ಎರಡೂ ಎಂದು ಅದರಲ್ಲಿದೆ. ಅದೇ ಕಾಯ್ದೆ ನೀತಿ ಮತ್ತು ನೋಂದಣಿಗೆಂದೇ ಒಂದು ಪ್ರತ್ಯೇಕ ಮಂಡಳಿಯನ್ನೂ ಹೇಳಿದೆ.

ನೋಂದಣಿ ನಮ್ಮನ್ನು ವಾರ್ಡಿನೊಳಗೆ ಬಿಡುತ್ತದೆ. ಅಲ್ಲಿ ನಮ್ಮನ್ನು ಕಾಯುವುದು ಕೇಸ್ ಶೀಟ್. ಒಮ್ಮೆ ರೋಗಿಯೊಬ್ಬರು ರಾತ್ರಿ ತೀರಿಕೊಂಡರು. ಯಾರೂ ಹೊರಳಿ ನೋಡಲಿಲ್ಲವೆಂದು ಮನೆಯವರು ಗ್ರಾಹಕ ಆಯೋಗಕ್ಕೆ ಹೋದರು. ಫೈಲ್ ಕೇಳಿ ಪತ್ರ ಬರುವಷ್ಟರಲ್ಲಿ ಆ ರಾತ್ರಿಯ ನೆನಪು ಯಾರಲ್ಲೂ ಸ್ಪಷ್ಟವಾಗಿರಲಿಲ್ಲ. ಆದರೆ ಡ್ಯೂಟಿಯಲ್ಲಿದ್ದ ನನ್ನ ಹಿರಿಯ ಸಹೋದ್ಯೋಗಿ ಅಕ್ಕ ಬಿಪಿ ಇಳಿದ ಹೊತ್ತು, ಡಾಕ್ಟರಿಗೆ ಫೋನ್ ಮಾಡಿದ ಹೊತ್ತು, ಅವರು ಎತ್ತದಿದ್ದದ್ದು, ಮತ್ತೆ ಮಾಡಿದ್ದು, ಅವರು ಬಂದ ಗಳಿಗೆ, ಎಲ್ಲವನ್ನೂ ಒಂದೊಂದು ಸಾಲಿನಲ್ಲಿ ಬರೆದು ಸಹಿ ಹಾಕಿದ್ದರು. ವಿಚಾರಣೆಯಲ್ಲಿ ಅವರ ಪರವಾಗಿ ಮಾತಾಡಿದ್ದು ಆ ಸಾಲುಗಳೇ. “ರೋಗಿ ಆರಾಮಾಗಿದ್ದಾರೆ” ಎಂದು ಪಾಳಿಯ ಕೊನೆಗೆ ಒಂದೇ ಸಾಲು ಗೀಚುವ ರೂಢಿ ನಮ್ಮ ವಾರ್ಡಿನಲ್ಲಿ ಅಲ್ಲಿಗೆ ನಿಂತಿತು. ಫೋನಿನಲ್ಲಿ ಬಂದ ಆರ್ಡರನ್ನು ಬರೆದುಕೊಂಡು, ಡಾಕ್ಟರಿಗೇ ಓದಿ ಹೇಳಿ, ಅವರು ರೌಂಡ್ಸಿಗೆ ಬಂದಾಗ ಸಹಿ ಹಾಕಿಸಿಕೊಳ್ಳುವುದೂ ಶುರುವಾಯಿತು.

ಒಪ್ಪಿಗೆ ಪತ್ರದ ವಿಷಯದಲ್ಲಂತೂ ನಾವು ಸಹಿ ಸಂಗ್ರಹಿಸುವವರೇ ಆಗಿಬಿಟ್ಟಿದ್ದೇವೆ. ಆಪರೇಷನ್‌ಗೆ ಹೆಣ್ಣುಮಗಳು ತಾನೇ ಒಪ್ಪಿದ್ದರೂ “ಗಂಡನ ಸಹಿ ಎಲ್ಲಿ?” ಎಂದು ಕೇಳುವುದು ನಮ್ಮ ಬಾಯಿಗೆ ಬಂದುಬಿಟ್ಟಿದೆ. ಸಮೀರಾ ಕೊಹ್ಲಿ ಪ್ರಕರಣದಲ್ಲಿ ರೋಗಿ ಅರಿವಳಿಕೆಯಲ್ಲಿದ್ದಾಗ ತಾಯಿಯ ಒಪ್ಪಿಗೆ ಪಡೆದು ಗರ್ಭಕೋಶ ತೆಗೆದಿದ್ದರು. ತುರ್ತಿಲ್ಲದಿದ್ದಾಗ ವಯಸ್ಕಳಾದ, ಬುದ್ಧಿ ನೆಟ್ಟಗಿರುವ ರೋಗಿಯ ಪರವಾಗಿ ತಾಯಿ ಒಪ್ಪಿದರೆ ಸಾಲದು ಎಂದು ಸುಪ್ರೀಂ ಕೋರ್ಟ್ 2008ರಲ್ಲಿ ಹೇಳಿತು. ಏನು ಮಾಡುತ್ತೇವೆ, ಏನಾಗಬಹುದು ಎಂದು ವಿವರಿಸುವುದು ವೈದ್ಯರ ಕೆಲಸ. ಹಾಗಾಗಿ ಈಗ ರೋಗಿಯನ್ನೇ “ಡಾಕ್ಟ್ರು ಏನು ಹೇಳಿದ್ರಮ್ಮ?” ಎಂದು ಕೇಳುತ್ತೇನೆ. ಉತ್ತರ ಬರದಿದ್ದರೆ ಕಾಗದ ವಾಪಸ್ ಡಾಕ್ಟರ ಬಳಿಗೆ.

ಇಷ್ಟೆಲ್ಲ ಹುಷಾರಿ ಏಕೆಂದರೆ ಶಿಕ್ಷೆಯ ತಕ್ಕಡಿ ಈಗ ನಮ್ಮ ಕಡೆಗೇ ಹೆಚ್ಚು ವಾಲಿದೆ. ನಿರ್ಲಕ್ಷ್ಯದಿಂದ ಸಾವಾದರೆ ಹಳೆಯ ಐಪಿಸಿ 304ಎ ಪ್ರಕಾರ ಯಾರಿಗಾದರೂ ಗರಿಷ್ಠ ಎರಡು ವರ್ಷ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 106ನೇ ಸೆಕ್ಷನ್ ಅದನ್ನು ಐದು ವರ್ಷಕ್ಕೆ ಏರಿಸಿ, ವೈದ್ಯಕೀಯ ಪ್ರಕ್ರಿಯೆ ನಡೆಸುತ್ತಿದ್ದ ನೋಂದಾಯಿತ ವೈದ್ಯರಿಗೆ ಮಾತ್ರ ಎರಡೇ ವರ್ಷ ಉಳಿಸಿದೆ. ನೋಂದಾಯಿತ ವೈದ್ಯರೆಂದರೆ ಮೆಡಿಕಲ್ ರಿಜಿಸ್ಟರಿನಲ್ಲಿ ಹೆಸರಿರುವವರು. ನಮ್ಮ ಹೆಸರಿರುವುದು ಬೇರೆ ಪುಸ್ತಕದಲ್ಲಿ. ಒಂದೇ ಮಂಚದ ಎರಡು ಬದಿ ನಿಂತ ಇಬ್ಬರಿಗೆ ಎರಡು ಅಳತೆ. ಇದು ಸರಿಯಾಗಬೇಕೆಂದು ನರ್ಸುಗಳ ಸಂಘಟನೆಗಳು ಗಟ್ಟಿಯಾಗಿ ಕೇಳಬೇಕು. ಸಂಬಳ, ಪಾಳಿಗಳ ಬೇಡಿಕೆಯ ಪಕ್ಕದಲ್ಲೇ ಇದಕ್ಕೂ ಜಾಗವಿರಲಿ.

ಅಲ್ಲಿಯವರೆಗೆ ಹೊಸಬರಿಗೆ ನಾನು ಹೇಳಿಕೊಡುವುದು ಮೂರೇ: ನೋಂದಣಿ ನವೀಕರಣದ ತಾರೀಕು ಮರೆಯಬೇಡಿ, ಮಾಡಿದ್ದನ್ನು ಆಗಲೇ ಬರೆಯಿರಿ, ಡೋಸ್ ಬಗ್ಗೆ ಅನುಮಾನ ಬಂದರೆ ಎಷ್ಟು ದೊಡ್ಡ ಡಾಕ್ಟರಾದರೂ “ಬರೆದುಕೊಡಿ ಸರ್” ಅನ್ನಿ. ಮೊದಲ ಸಲ ಹೇಳುವಾಗ ಗಂಟಲು ಒಣಗುತ್ತದೆ, ಆಮೇಲೆ ರೂಢಿಯಾಗುತ್ತದೆ. ಕೆಲವರು ಸಿಡುಕುತ್ತಾರೆ. ಬಹಳಷ್ಟು ಜನ ಪೆನ್ನು ತೆಗೆದವರು ಬರೆಯುವ ಮುನ್ನ ಡೋಸನ್ನು ಇನ್ನೊಮ್ಮೆ ಲೆಕ್ಕ ಹಾಕುತ್ತಾರೆ. ರೋಗಿಗೆ ಬೇಕಾದದ್ದೂ ಅದೇ.