ಭಾನುವಾರ ಕಂಡ ಊರು

ಪ್ರಶ್ನೆ: ನನಗೆ 43 ವರ್ಷ. ಹುಟ್ಟಿ ಬೆಳೆದದ್ದು ಸಾಗರದ ಕಡೆಯ ಹಳ್ಳಿಯಲ್ಲಿ. ಮದುವೆಯಾಗಿ ಬೆಂಗಳೂರಿಗೆ ಬಂದು 18 ವರ್ಷವಾಯಿತು. ಈಗಿರುವುದು ಒಂಬತ್ತನೇ ಮಹಡಿಯ ಫ್ಲ್ಯಾಟ್. ಕಿಟಕಿ ತೆಗೆದರೆ ಎದುರಿಗೆ ಇನ್ನೊಬ್ಬರ ಕಿಟಕಿ. ಕೆಲವು ಭಾನುವಾರ ಒಬ್ಬಳೇ ಕಾರು ತೆಗೆದುಕೊಂಡು ದೊಡ್ಡಬಳ್ಳಾಪುರದಾಚೆ, ನಂದಿಬೆಟ್ಟದ ತಪ್ಪಲಿಗೆ ಹೋಗಿಬರುತ್ತೇನೆ. ಅಲ್ಲೇ ಸಣ್ಣ ಮನೆ ಮಾಡೋಣ ಎಂದರೆ ನಮ್ಮನೆಯವರು ಮಾತು ಮುಂದುವರಿಸುವುದೇ ಇಲ್ಲ. ಅವರ ಆಫೀಸು ಎಲೆಕ್ಟ್ರಾನಿಕ್ ಸಿಟಿಯಲ್ಲಿ. ಅತ್ತೆಗೆ ಹೃದಯದ ತೊಂದರೆ. ರಾತ್ರಿ ಮೊಬೈಲಿನಲ್ಲಿ ಸೈಟು, ತೋಟದ ಜಾಹೀರಾತು ನೋಡುತ್ತಾ ಅಳು ಬರುತ್ತದೆ. ನಾನು ಸ್ವಾರ್ಥಿಯೇ?

ಉತ್ತರ: ಖಂಡಿತ ಅಲ್ಲ. ಅಂಗಳಕ್ಕಿಳಿದರೆ ಮಣ್ಣು ತುಳಿಯುತ್ತಿದ್ದವರಿಗೆ ಲಿಫ್ಟ್ ಇಳಿದರೆ ಪಾರ್ಕಿಂಗ್ ಸಿಗುವ ಬದುಕು ಉಸಿರುಗಟ್ಟಿಸುವುದು ಸಹಜ. ಅದನ್ನು ನುಂಗಿಕೊಂಡೇ ಇಷ್ಟು ವರ್ಷ ಸಂಸಾರ ತೂಗಿಸಿದ್ದೀರಿ.

ಆದರೆ ನಿಮ್ಮ ಅಳುವಿನಲ್ಲಿ ಎರಡು ಹಂಬಲಗಳು ಬೆರೆತಿವೆ ಅನಿಸುತ್ತದೆ. ಒಂದು ತವರಿನದು, ಇನ್ನೊಂದು ತೆರೆದ ಬಯಲಿನದು. ಸಾಗರದ ಮಳೆ ದೊಡ್ಡಬಳ್ಳಾಪುರದಲ್ಲಿ ಸುರಿಯುವುದಿಲ್ಲ. ಅಲ್ಲಿರುವುದು ರಾಗಿ ಹೊಲ, ದ್ರಾಕ್ಷಿ ತೋಟ, ಬೋಳು ಬಂಡೆಯ ಬೆಟ್ಟ. ಅದರ ಚೆಲುವೇ ಬೇರೆ. ತವರಿನ ಹಂಬಲಕ್ಕೆ ಮಳೆಗಾಲದಲ್ಲಿ ಒಂದು ವಾರ ತವರಿಗೇ ಹೋಗಿಬನ್ನಿ. ಸೈಟು ಕೊಂಡರೆ ಅದು ತೀರದು.

ಇನ್ನು ನಿಮ್ಮ ಯಜಮಾನರ ಮೌನ. ದೊಡ್ಡಬಳ್ಳಾಪುರ ನಗರದ ಉತ್ತರಕ್ಕೆ, ಎಲೆಕ್ಟ್ರಾನಿಕ್ ಸಿಟಿ ದಕ್ಷಿಣಕ್ಕೆ. ಬೆಳಗೂ ಸಂಜೆಯೂ ಇಡೀ ಬೆಂಗಳೂರನ್ನು ದಾಟಬೇಕಾದವರು ಅವರು. ಅವರಿಗೆ ಬೇಡವಾಗಿರುವುದು ಬೆಟ್ಟವೋ, ಆ ದಾರಿಯೋ? ಕೇಳಿ ನೋಡಿ. ನೀವು ಆ ಊರನ್ನು ನೋಡಿದ್ದು ಭಾನುವಾರ, ಬದುಕಬೇಕಾದದ್ದು ಮಂಗಳವಾರ.

ಅವಸರವಿಲ್ಲದೆ ಹೀಗೆ ಮಾಡಿ:

ದಿಕ್ಕು ಬದಲಿಸಿ ಯೋಚಿಸಿ. ಕನಕಪುರ ರಸ್ತೆಯ ಕಗ್ಗಲೀಪುರ, ಹಾರೋಹಳ್ಳಿ ಕಡೆ ನೋಡಿದರೆ ರೇಷ್ಮೆ ಸಂಸ್ಥೆ ನಿಲ್ದಾಣದಿಂದ ಹಸಿರು ಮೆಟ್ರೊ ಇದೆ. ಆರ್.ವಿ. ರಸ್ತೆಯಲ್ಲಿ ಬದಲಿಸಿದರೆ 2025ರ ಆಗಸ್ಟ್‌ನಲ್ಲಿ ಶುರುವಾದ ಹಳದಿ ಮಾರ್ಗ ಎಲೆಕ್ಟ್ರಾನಿಕ್ ಸಿಟಿಗೇ ಹೋಗುತ್ತದೆ. ಬನ್ನೇರುಘಟ್ಟ ಕಾಡಿನ ಅಂಚಾದರೆ ಆನೆ, ಚಿರತೆಯ ಓಡಾಟವನ್ನು ಊರವರಲ್ಲಿ ವಿಚಾರಿಸಿ.

ಮೊದಲು ಬಾಡಿಗೆಗಿದ್ದು ನೋಡಿ. ಆ ಅವಧಿಯಲ್ಲಿ ಒಂದು ಬೇಸಿಗೆ ಬರಲಿ. ಬೋರ್‌ವೆಲ್ಲಿನಲ್ಲಿ ಏಪ್ರಿಲ್‌ನಲ್ಲೂ ನೀರಿರುತ್ತದೆಯೇ, ಟ್ಯಾಂಕರ್ ಕರೆಸಬೇಕೇ ಎಂಬುದು ಆಗ ಗೊತ್ತಾಗುತ್ತದೆ. ಅತ್ತೆಯ ವೈದ್ಯರನ್ನೂ ಕೇಳಿ. ರಾತ್ರಿ ಹೊತ್ತು ಆಸ್ಪತ್ರೆಗೆ ಎಷ್ಟು ನಿಮಿಷ ಬೇಕೆಂದು ಹೋಗಿಯೇ ಅಳೆಯಿರಿ. ಅತ್ತೆಯ ಮನಸ್ಸಿನಲ್ಲೇನಿದೆ ಎಂದು ಅವರನ್ನೇ ಕೇಳುವುದನ್ನೂ ಮರೆಯಬೇಡಿ.

ಜಾಹೀರಾತು ನಂಬಿ ಮುಂಗಡ ಕೊಡಬೇಡಿ. ಪಹಣಿ, ಭೂಪರಿವರ್ತನೆ ಆದೇಶ, ಋಣಭಾರ ಪತ್ರ ನೋಡಿ. ಪಂಚಾಯಿತಿ ನಿವೇಶನವಾದರೆ ಇ-ಸ್ವತ್ತಿನ ನಮೂನೆ 9 ಮತ್ತು 11ಎ ಇದೆಯೇ, ಬರೀ 11ಬಿಯೇ ಎಂದು ಕೇಳಿ. ಎಲ್ಲವನ್ನೂ ನಿಮ್ಮದೇ ವಕೀಲರಿಗೆ ತೋರಿಸಿ. ಮಾರುವವರು ಕರೆತಂದ ವಕೀಲರು ಸಾಲದು.

ಮಲಗುವಾಗ ಮೊಬೈಲು ಇನ್ನೊಂದು ಕೋಣೆಯಲ್ಲಿರಲಿ. ಎರಡು ವಾರವಾದರೂ ಅಳು ನಿಲ್ಲದಿದ್ದರೆ, ನಿದ್ದೆ ಬಾರದಿದ್ದರೆ, ಅದು ಮನೆಯ ಚಿಂತೆಯಷ್ಟೇ ಆಗಿರಲಿಕ್ಕಿಲ್ಲ. ಆಪ್ತಸಮಾಲೋಚಕರನ್ನು ಕಾಣಿ, ಇಲ್ಲವೇ ಟೆಲಿ-ಮಾನಸ್ 14416ಕ್ಕೆ ಕರೆ ಮಾಡಿ. ಹಗಲು ರಾತ್ರಿ ಯಾವಾಗಲಾದರೂ ಕನ್ನಡದಲ್ಲೇ ಮಾತಾಡಬಹುದು, ಶುಲ್ಕವಿಲ್ಲ.

ಬರುವ ಮಂಗಳವಾರ ನಿಮ್ಮ ಯಜಮಾನರಿಗೆ ರಜೆ ಹಾಕಲು ಹೇಳಿ. ನಿಮಗಿಷ್ಟವಾದ ಊರಿನಿಂದ ಅವರ ಆಫೀಸಿಗೆ, ಅವರು ಹೊರಡುವ ಹೊತ್ತಿಗೇ ಹೊರಡಿ. ಅವರು ಪಕ್ಕದಲ್ಲಿ ಕೂತಿರಲಿ. ಕಾರು ನೀವು ಓಡಿಸಿ.