ಸೇನೆಯ ನಾಯಕತ್ವ ತರಬೇತಿ ಮತ್ತು ನಮ್ಮ ಮೇಲ್ವಿಚಾರಕರು

ನಾಯಕತ್ವ ತರಬೇತಿ ಎಂದೊಡನೆ ಮಾಲೀಕರು ಮಂಗಳೂರಿಗೋ ಬೆಂಗಳೂರಿಗೋ ಹೋಗಿ ಒಂದು ದಿನ ಕುಳಿತು ಕೇಳಿ ಬರುವ ಉಪನ್ಯಾಸವೆಂಬ ಭಾವನೆ ನಮ್ಮಲ್ಲಿ ಬೇರೂರಿದೆ. ಆದರೆ ಕುಕ್ಕುಂದೂರು, ಕಾರ್ಕಳ ಪರಿಸರದ ಗೇರುಬೀಜ ಕಾರ್ಖಾನೆಯಲ್ಲಾಗಲಿ, ಅಕ್ಕಿ ಮಿಲ್ಲಿನಲ್ಲಾಗಲಿ, ಕಾರ್ಮಿಕನ ದಿನ ಹೇಗೆ ಕಳೆಯುತ್ತದೆ ಎಂಬುದನ್ನು ನಿರ್ಧರಿಸುವವನು ಮಾಲೀಕನಲ್ಲ, ಆತನ ಎದುರಿಗೆ ನಿಂತಿರುವ ಮೇಸ್ತ್ರಿ. ಸೇನೆಯು ಈ ಸತ್ಯವನ್ನು ಬಹಳ ಹಿಂದೆಯೇ ಅರಿತುಕೊಂಡಿದೆ.

ಪದಾತಿ ದಳದ ಅತಿ ಚಿಕ್ಕ ಘಟಕವಾದ ಸೆಕ್ಷನ್ನಿನಲ್ಲಿ ಸುಮಾರು ಹತ್ತು ಮಂದಿ ಇರುತ್ತಾರೆ. ಅದರ ಮುಖ್ಯಸ್ಥನು ಸಾಮಾನ್ಯವಾಗಿ ಸಿಪಾಯಿಯಾಗಿಯೇ ಸೇರಿ ಮೇಲೆ ಬಂದ ಹವಾಲ್ದಾರ. ಇಂತಹ ಕೆಳಹಂತದ ನಾಯಕರಿಗಾಗಿಯೇ ಪ್ರತ್ಯೇಕ ಶಿಕ್ಷಣ ಸಂಸ್ಥೆಗಳಿವೆ. ಮಧ್ಯಪ್ರದೇಶದ ಮಹೂ ಪದಾತಿ ಶಾಲೆಯ ಅಂಗವಾದ ಜೂನಿಯರ್ ಲೀಡರ್ಸ್ ವಿಂಗ್ ನಮ್ಮ ಬೆಳಗಾವಿಯಲ್ಲಿಯೇ ಇದೆ. ದಣಿವು, ನಿದ್ರೆಗೇಡು, ಅನಿಶ್ಚಿತತೆಗಳ ನಡುವೆ ತನ್ನ ಮನಸ್ಸನ್ನೂ ತನ್ನ ತಂಡವನ್ನೂ ಹಿಡಿದು ನಿಲ್ಲಿಸುವುದನ್ನು ಅಲ್ಲಿ ಮೈಮುರಿದು ಕಲಿಯಬೇಕಾಗುತ್ತದೆ. ಪೆಟ್ಟು ತಿಂದ ತಂಡವು ಮತ್ತೆ ಚೇತರಿಸಿಕೊಳ್ಳುವ ಬಲವು ಪ್ರತಿಯೊಬ್ಬನ ಎದೆಗಾರಿಕೆಯ ಮೊತ್ತ ಮಾತ್ರವಲ್ಲ, ಅವರ ಪರಸ್ಪರ ನಂಬಿಕೆಯ ಫಲ ಎಂಬುದು ಈ ಶಿಕ್ಷಣದ ತಿರುಳು.

ನಾಯಕನ ಇರವು ತಂಡಕ್ಕೆ ಏನು ಮಾಡಬಲ್ಲದು ಎಂಬುದಕ್ಕೆ ದೂರದ ಉದಾಹರಣೆ ಬೇಕಿಲ್ಲ. 1948ರ ಸೆಪ್ಟೆಂಬರಿನಲ್ಲಿ ಕಾಶ್ಮೀರದ ಜೋಜಿಲಾ ಕಣಿವೆಯನ್ನು ವಶಪಡಿಸಿಕೊಳ್ಳುವ ಯತ್ನಗಳು ವಿಫಲವಾಗಿದ್ದವು. ಡಿವಿಜನ್ನಿನ ಅಧಿಪತಿ, ಮಡಿಕೇರಿಯಲ್ಲಿ ಹುಟ್ಟಿದ ಕೆ. ಎಸ್. ತಿಮ್ಮಯ್ಯನವರು, 11,500 ಅಡಿಗೂ ಎತ್ತರದ ಆ ಸ್ಥಳಕ್ಕೆ ಟ್ಯಾಂಕುಗಳನ್ನೇ ಒಯ್ಯಲು ನಿಶ್ಚಯಿಸಿದರು. ಬೆಂಗಳೂರನ್ನು ಕೇಂದ್ರವಾಗುಳ್ಳ ಮದ್ರಾಸ್ ಸ್ಯಾಪರ್ಸ್ ದಳದವರು ಹಾದಿ ಅಗಲಿಸಿದರು. ನವೆಂಬರ್ 1ರಂದು ಟ್ಯಾಂಕುಗಳು ಕಣಿವೆಯನ್ನು ಹೊಕ್ಕಾಗ ತಿಮ್ಮಯ್ಯನವರು ಸ್ವತಃ ಮುಂಚೂಣಿಯ ಟ್ಯಾಂಕಿನಲ್ಲಿದ್ದರು. ಸೋತು ಕುಗ್ಗಿದ್ದ ಪಡೆಗೆ ಅದಕ್ಕಿಂತ ಹೆಚ್ಚಿನ ಭಾಷಣ ಬೇಕಿರಲಿಲ್ಲ. ಮಡಿಕೇರಿಯ ಅವರ ಮನೆ ‘ಸನ್ನಿಸೈಡ್’ 2021ರಿಂದ ವಸ್ತುಸಂಗ್ರಹಾಲಯವಾಗಿದೆ. ಅತ್ತ ವ್ಯಾಪಾರಕ್ಕೆ ಹೋದವರು ಒಮ್ಮೆ ನೋಡಿ ಬರಬಹುದು.

ಆದರೆ ಶೌರ್ಯದ ದಿನಗಳು ವಿರಳ. ಸೈನಿಕನ ಮನಸ್ಸನ್ನು ಸವೆಸುವುದು ಗುಂಡಿನ ಸದ್ದಿಗಿಂತ ಹೆಚ್ಚಾಗಿ ಸಿಗದ ರಜೆ, ಊರಿನ ಜಮೀನು ವ್ಯಾಜ್ಯ, ಕಾಯಿಲೆ ಬಿದ್ದ ತಾಯಿ. ಇದಕ್ಕೆ ಸೇನೆಯ ಹಳೆಯ ಪದ್ಧತಿಗಳು ಸರಳವಾಗಿವೆ. ‘ಸೈನಿಕ ಸಮ್ಮೇಳನ’ದಲ್ಲಿ ಜವಾನನು ತನ್ನ ಕುಂದುಕೊರತೆಯನ್ನು ನೇರವಾಗಿ ಕಮಾಂಡಿಂಗ್ ಅಧಿಕಾರಿಯ ಮುಂದಿಡಬಹುದು. ‘ಬಡಾ ಖಾನಾ’ದಲ್ಲಿ ಅಧಿಕಾರಿಯೂ ಸಿಪಾಯಿಯೂ ಒಂದೇ ಊಟವನ್ನು ಉಣ್ಣುತ್ತಾರೆ. ಜೋಡಿ ಪದ್ಧತಿಯಂತೆ ಪ್ರತಿಯೊಬ್ಬನ ಮೇಲೆ ಕಣ್ಣಿಡಲು ಇನ್ನೊಬ್ಬನಿದ್ದಾನೆ. ಇವು ಸಾಲದೆಂದು ಕಂಡಾಗ ರಜೆಯ ನಿಯಮಗಳನ್ನು ಸಡಿಲಿಸಲಾಯಿತು, ಆಪ್ತಸಲಹೆಗಾರರನ್ನು ತರಬೇತುಗೊಳಿಸಲಾಯಿತು, ಸಹಾಯವಾಣಿಗಳನ್ನು ತೆರೆಯಲಾಯಿತು. ನೌಕಾಪಡೆಯು ನಮ್ಮ ಕರಾವಳಿಯ ಕಾರವಾರದಲ್ಲಿಯೂ ಮಾನಸಿಕ ಆರೋಗ್ಯ ಕೇಂದ್ರವನ್ನು ಸ್ಥಾಪಿಸಿದೆ. ಅಂದರೆ, ಹಳೆಯ ರೂಢಿಯೊಂದೇ ಸಾಕೆಂಬ ಹಮ್ಮು ಸೇನೆಗೂ ಇಲ್ಲ.

ಅಮೆರಿಕದ ಭೂಸೇನೆಯು 2009ರಲ್ಲಿ ಇದೇ ಉದ್ದೇಶದಿಂದ ಬೃಹತ್ ಯೋಜನೆಯೊಂದನ್ನು ಕೈಗೊಂಡಿತು. ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಮನಶ್ಶಾಸ್ತ್ರಜ್ಞ ಮಾರ್ಟಿನ್ ಸೆಲಿಗ್‌ಮನ್ ಅವರ ಬಳಗವು ಸಾರ್ಜೆಂಟರಿಗೆ ಹತ್ತು ದಿನಗಳ ಶಿಕ್ಷಣ ನೀಡುವುದು, ಅವರು ತಂತಮ್ಮ ತುಕಡಿಗಳಿಗೆ ಅದನ್ನು ಕಲಿಸುವುದು ಎಂಬುದು ಅದರ ಕ್ರಮ. ಬೋಧಕರನ್ನು ಹೊರಗಿನಿಂದ ತಾರದೆ ಸಾರ್ಜೆಂಟರನ್ನೇ ಬೋಧಕರನ್ನಾಗಿಸಿದ್ದು ಜಾಣತನ. ಆದರೆ ಇಂತಹ ಯೋಜನೆಗಳ ಫಲಕ್ಕೆ ಸಾಕಷ್ಟು ಪುರಾವೆಯಿಲ್ಲವೆಂದು ಆ ದೇಶದ ವೈದ್ಯಕೀಯ ತಜ್ಞರ ಸಂಸ್ಥೆಯೇ 2014ರಲ್ಲಿ ಆಕ್ಷೇಪಿಸಿತು. ‘ಧನಾತ್ಮಕ ಚಿಂತನೆ’ಯ ಹೆಸರಿನಲ್ಲಿ ದುಬಾರಿ ಶಿಬಿರಗಳನ್ನು ಮಾರಲು ಬರುವವರೊಡನೆ ವ್ಯವಹರಿಸುವಾಗ ನಮ್ಮ ಸದಸ್ಯರು ಈ ಸಂಗತಿಯನ್ನು ನೆನಪಿಡುವುದು ಲೇಸು.

ನನ್ನ ಅಭಿಪ್ರಾಯದಲ್ಲಿ ಸಣ್ಣ ಉದ್ಯಮಕ್ಕೆ ಹೆಚ್ಚು ಒಗ್ಗುವುದು ಬ್ರಿಟನ್ನಿನ ರಾಯಲ್ ಮರೀನ್ಸ್ ಪಡೆಯಲ್ಲಿ 1990ರ ದಶಕದಲ್ಲಿ ರೂಪುಗೊಂಡ ‘ಟ್ರಿಮ್’ ಪದ್ಧತಿ. ಆಘಾತಕರ ಘಟನೆಯೊಂದು ನಡೆದರೆ, ವೈದ್ಯರಲ್ಲದ ಆದರೆ ತರಬೇತಿ ಪಡೆದ ಸಹೋದ್ಯೋಗಿಯೊಬ್ಬರು ಅದಕ್ಕೆ ಸಿಲುಕಿದವರೊಡನೆ ಸುಮಾರು ಮೂರು ದಿನಗಳ ನಂತರ ಒಮ್ಮೆ, ತಿಂಗಳ ನಂತರ ಮತ್ತೊಮ್ಮೆ ಕುಳಿತು ಮಾತನಾಡುತ್ತಾರೆ. ನಿದ್ರೆ ಬರುತ್ತಿದೆಯೇ, ಕುಡಿತ ಹೆಚ್ಚಿದೆಯೇ, ತನ್ನದೇ ತಪ್ಪೆಂದು ಕೊರಗುತ್ತಿದ್ದಾನೆಯೇ ಎಂಬುದನ್ನು ಗಮನಿಸುತ್ತಾರೆ. ಚಿಕಿತ್ಸೆ ಅವರ ಕೆಲಸವಲ್ಲ. ತಿಂಗಳಾದರೂ ಸುಧಾರಿಸದವರನ್ನು ವೈದ್ಯರ ಬಳಿಗೆ ಕಳುಹಿಸುವುದಷ್ಟೇ ಕೆಲಸ. ಕಲ್ಲುಕೋರೆಯಲ್ಲಿ ಒಬ್ಬನಿಗೆ ಅಪಘಾತವಾದರೆ ನಾವು ಆಸ್ಪತ್ರೆಯ ಬಿಲ್ಲನ್ನೂ ವಿಮೆಯ ಕಾಗದಗಳನ್ನೂ ನೋಡಿಕೊಳ್ಳುತ್ತೇವೆ. ಪಕ್ಕದಲ್ಲಿ ನಿಂತು ಅದನ್ನು ಕಂಡ ನಾಲ್ವರು ಮರುದಿನವೇ ಅದೇ ಯಂತ್ರದ ಮುಂದೆ ನಿಲ್ಲುತ್ತಾರೆ. ಅವರಲ್ಲೊಬ್ಬ ಒಡಿಶಾದವನೋ ಜಾರ್ಖಂಡದವನೋ ಆಗಿದ್ದರೆ ಮಾತು ತೋಡಿಕೊಳ್ಳಲು ಭಾಷೆಯೂ ಇಲ್ಲ. ಮುಂದಿನ ಅಪಘಾತ ಹುಟ್ಟುವುದು ಹಲವು ವೇಳೆ ಇಂತಹ ಕದಡಿದ ಮನಸ್ಸಿನಿಂದಲೇ.

ಇನ್ನೊಂದು ಮಾತು. ಸೇನೆಯ ಶಿಸ್ತೆಂದರೆ ಗದರಿಕೆ ಎಂದು ತಿಳಿದೋ ಏನೋ, ನಿವೃತ್ತ ಹವಾಲ್ದಾರರನ್ನು ನಾವು ಕಾವಲಿಗೆಂದು ಗೇಟಿನಲ್ಲಿ ಕೂರಿಸುತ್ತೇವೆ. ಹತ್ತು ಮಂದಿಯ ತಂಡವನ್ನು ವರ್ಷಗಟ್ಟಲೆ ನಡೆಸಿದ, ಹಲವು ಪ್ರಾಂತಗಳ ಜನರೊಡನೆ ಹಿಂದಿಯಲ್ಲಿ ವ್ಯವಹರಿಸಬಲ್ಲ ವ್ಯಕ್ತಿ ಹೊರಗೆ ವಾಹನಗಳ ಸಂಖ್ಯೆ ಬರೆಯುತ್ತಿರುತ್ತಾನೆ; ಒಳಗೆ ತರಬೇತಿಯೇ ಇಲ್ಲದ ಮೇಸ್ತ್ರಿ ಮೂವತ್ತು ಮಂದಿಯನ್ನು ನಿಭಾಯಿಸಲಾರದೆ ಕೂಗಾಡುತ್ತಿರುತ್ತಾನೆ. ಅವರಿಬ್ಬರನ್ನೂ ವಾರಕ್ಕೊಮ್ಮೆ ಒಂದು ಗಂಟೆ ಜೊತೆಯಲ್ಲಿ ಕೂರಿಸಲು ಯಾವ ಶುಲ್ಕವೂ ತಗಲದು.

ವೈದ್ಯರ ನೆರವು ಬೇಕಾದವರಿಗಾಗಿ 2022ರ ಅಕ್ಟೋಬರಿನಲ್ಲಿ ಆರಂಭವಾದ ಟೆಲಿ ಮಾನಸ್ ಸಹಾಯವಾಣಿಯ ಸಂಖ್ಯೆ 14416. ಕರೆ ಉಚಿತ, ಕನ್ನಡ ಹಿಂದಿಗಳೆರಡರಲ್ಲಿಯೂ ಮಾತನಾಡಬಹುದು. ಸಶಸ್ತ್ರ ಪಡೆಗಳಿಗಾಗಿ ಇದರ ಪ್ರತ್ಯೇಕ ಘಟಕವೊಂದು 2023ರ ಡಿಸೆಂಬರಿನಲ್ಲಿ ಪುಣೆಯಲ್ಲಿ ತೆರೆಯಿತು. ಹಾಜರಿ ಪುಸ್ತಕವಿರುವ ಮೇಜಿನ ಮೇಲ್ಭಾಗದ ಗೋಡೆ ಈ ಸಂಖ್ಯೆಯನ್ನು ಅಂಟಿಸಲು ತಕ್ಕ ಸ್ಥಳ.