ಹರಾಜಿನ ದಿನದ ಫೋನು

ತಿಪಟೂರಿನಲ್ಲಿ ಕೊಬ್ಬರಿ ಮಂಡಿ ನಡೆಸುವವನು ನಾನು. 2022ರಲ್ಲಿ ನನ್ನ ಹೆಂಡತಿಗೆ ಸ್ತನ ಕ್ಯಾನ್ಸರ್ ಎಂದು ಗೊತ್ತಾಯಿತು. ಆಪರೇಷನ್, 16 ಕೀಮೋ, 15 ರೇಡಿಯೇಷನ್ ಮುಗಿಯುವಷ್ಟರಲ್ಲಿ ಹತ್ತು ತಿಂಗಳು ಕಳೆದಿತ್ತು. ಅಟ್ಟಕ್ಕೆ ಹಾಕಿದ ಕಾಯಿ ಒಣಗಿ ಉಂಡೆ ಕೊಬ್ಬರಿಯಾಗಲು ಹೆಚ್ಚುಕಡಿಮೆ ಅಷ್ಟೇ ಕಾಲ ಬೇಕು. ಈಗ ಅವಳು ಚೆನ್ನಾಗಿದ್ದಾಳೆ. ಸುತ್ತಮುತ್ತ ಯಾರ ಮನೆಗೆ ಈ ಕಾಯಿಲೆ ಬಂದರೂ ಆ ಮನೆಯ ಗಂಡಸರು ಮಂಡಿಗೆ ಬಂದು ನನ್ನ ಪಕ್ಕ ಕೂರುತ್ತಾರೆ. ಅವರಿಗೆ ಹೇಳುವುದನ್ನೇ ಇಲ್ಲಿ ಬರೆದಿದ್ದೇನೆ.

1. ಗಂಟು ಅವಳ ಕೈಗೆ ಸಿಕ್ಕಿದ್ದು ಆಷಾಢದಲ್ಲಿ, ಸ್ನಾನ ಮಾಡುವಾಗ. ನನಗೆ ಹೇಳಿದ್ದು ದಸರಾ ಕಳೆದ ಮೇಲೆ. ನೋವಿರಲಿಲ್ಲ, ತಾನಾಗಿಯೇ ಕರಗುತ್ತದೆ ಅಂದುಕೊಂಡಿದ್ದಳು. ನೋವಿಲ್ಲದ ಗಂಟನ್ನೂ ಕಡೆಗಣಿಸಬಾರದೆಂದು ನಮ್ಮಿಬ್ಬರಿಗೂ ತಿಳಿದಿರಲಿಲ್ಲ. ಬಯಾಪ್ಸಿ ರಿಪೋರ್ಟ್ ಬಂದ ರಾತ್ರಿ, "ಮೊದಲೇ ಯಾಕೆ ಹೇಳಲಿಲ್ಲ?" ಎಂದು ಗದರುವ ದನಿಯಲ್ಲೇ ಕೇಳಿದೆ. "ಹೇಳೋಣ ಅಂತ ಎರಡು ಸಲ ಬಂದೆ ರೀ. ಒಂದ್ಸಲ ಫೋನಲ್ಲಿದ್ರಿ. ಇನ್ನೊಂದ್ಸಲ ನಾಳೆ ಹರಾಜೈತೆ, ಆಮೇಲೆ ಹೇಳು ಅಂದ್ರಿ" ಅಂದಳು. ಸಿಟ್ಟಿಲ್ಲದೆ ಅಂದಳು. ಇಪ್ಪತ್ತಾರು ವರ್ಷದ ಸಂಸಾರದಲ್ಲಿ ನಾನು ಗಳಿಸಿದ್ದ ಹೆಸರು ಪುರುಸೊತ್ತಿಲ್ಲದವನು ಎಂಬುದು. ಅದನ್ನೊಂದು ಹೆಗ್ಗಳಿಕೆ ಎಂದೇ ತಿಳಿದಿದ್ದೆ. ಮಂಡಿಗೆ ಬರುವವರನ್ನು ನಾನು ಮೊದಲು ಕೇಳುವುದು ಇದನ್ನೇ: ನಿಮ್ಮ ಮನೆಯಾಕೆ ನಿಮಗೆ ಯಾವಾಗ ಹೇಳಿದರು?

2. ಕಾಗದಗಳಿಗೆ ಒಂದೇ ಫೈಲು, ಒಬ್ಬರದೇ ಕೈ. ಬಯಾಪ್ಸಿಯ ಸ್ಲೈಡು, ಮೇಣದ ಬ್ಲಾಕು ಎಲ್ಲಿವೆ ಎಂದು ಬರೆದಿಡಿ. ಬೇರೆ ಡಾಕ್ಟರ ಅಭಿಪ್ರಾಯ ಕೇಳುವಾಗ ಅವು ಬೇಕಾಗುತ್ತವೆ. ಚಿಕಿತ್ಸೆಗೆ ಹೋಗುವ ಕ್ಯಾನ್ಸರ್ ರೋಗಿಗೆ ರೈಲಿನ ಸ್ಲೀಪರ್‌ನಲ್ಲೂ ತ್ರೀ-ಟಯರ್ ಎಸಿಯಲ್ಲೂ ಟಿಕೆಟ್ ಉಚಿತ. ಜೊತೆಗೆ ಹೋಗುವವರಿಗೆ ಶೇ. 75 ರಿಯಾಯಿತಿ. ಆಸ್ಪತ್ರೆಯಿಂದ ಅದರ ಸರ್ಟಿಫಿಕೇಟ್ ಬರೆಸಿಕೊಳ್ಳಿ.

3. ಮನೆಯಲ್ಲಿ ಥರ್ಮಾಮೀಟರ್ ಇರಲಿ. ಇದನ್ನು ನಾನು ಮೂರು ಸಲ ಹೇಳುತ್ತೇನೆ. ಕೀಮೋ ಆದ ಒಂದೆರಡು ವಾರದಲ್ಲಿ ರಕ್ತದ ಬಿಳಿ ಕಣಗಳು ತೀರಾ ಇಳಿದಿರುತ್ತವೆ. ಆಗ ಜ್ವರ 100.4 ಡಿಗ್ರಿ ಮುಟ್ಟಿದರೆ ಬೆಳಗಾಗಲಿ ಎಂದು ಕಾಯುವಂತಿಲ್ಲ. ಡಾಕ್ಟರನ್ನು ಕೇಳದೆ ಮಾತ್ರೆ ನುಂಗಿಸಿ ಜ್ವರ ಇಳಿಸುವಂತೆಯೂ ಇಲ್ಲ.

ಎರಡನೇ ಕೀಮೋ ಆಗಿ ಹತ್ತನೇ ದಿನ, ರಾತ್ರಿ ಒಂದೂವರೆಗೆ ಅವಳಿಗೆ ನಡುಕ ಹತ್ತಿತು. ನೋಡಿದರೆ 101.6. ನಮ್ಮ ಕಾರು ತೆಗೆದುಕೊಂಡು ಮಗ ಮೈಸೂರಿಗೆ ಹೋಗಿದ್ದ. ಆಂಬುಲೆನ್ಸ್ ಬರುವುದು ತಡವೆಂದರು. ಕೈಗೆ ಸಿಕ್ಕ ನಂಬರು ಒತ್ತಿದೆ. ನಮ್ಮ ಚೀಲ ಸಾಗಿಸುವ ಟೆಂಪೋ ಡ್ರೈವರ್ ಎತ್ತಿದರು. ಹತ್ತು ನಿಮಿಷದಲ್ಲಿ ಅಣ್ಣನ ಕಾರು ಕೇಳಿಕೊಂಡು ಬಾಗಿಲಿಗೆ ಬಂದರು. ಎಪ್ಪತ್ತು ಕಿ.ಮೀ.ಗೂ ಹೆಚ್ಚಿನ ದಾರಿ, ತುಮಕೂರು ಮುಟ್ಟುವವರೆಗೆ ಅವರು ಮಾತಾಡಿದ್ದು ಎರಡೇ ಸಲ. ಎರಡೂ ಸಲ, "ಅಕ್ಕ, ಇನ್ನೇನು ಬಂದ್ವಿ."

ತಡವಾಗಿದ್ದರೆ ಕಷ್ಟವಿತ್ತು ಎಂದರು ಡಾಕ್ಟರು. ಐದು ದಿನ ಆಂಟಿಬಯಾಟಿಕ್ ಡ್ರಿಪ್ ಹಾಕಿದರು. ಡಿಸ್ಚಾರ್ಜ್ ದಿನ ಆ ಡ್ರೈವರಿಗೆ ಹಣ ಕೊಡಲು ಹೋದೆ, ತೆಗೆದುಕೊಳ್ಳಲಿಲ್ಲ. ಮಂಡಿಗೆ ಬಂದು ಲೆಕ್ಕದ ಪುಸ್ತಕ ತೆಗೆದರೆ ಅವರ ಏಳು ಲೋಡಿನ ಬಾಡಿಗೆ ಬಾಕಿ ಇತ್ತು. ಬಾಡಿಗೆ ಒಂದು ತಿಂಗಳು ತಡೆಯುವುದು ನಮ್ಮ ಮಂಡಿಯ ರೂಢಿ. ನನ್ನ ತಂದೆಯೂ ಹಾಗೇ ಮಾಡುತ್ತಿದ್ದರು. ನನ್ನ ಕೈಯಲ್ಲಿ ಅವರ ದುಡಿಮೆಯ ದುಡ್ಡು ಇಟ್ಟುಕೊಂಡು ಅವರನ್ನು ನಡುರಾತ್ರಿ ಎಬ್ಬಿಸಿದ್ದೆ. ಅವತ್ತೇ ಚುಕ್ತಾ ಮಾಡಿದೆ. ಅಂದಿನಿಂದ ಲೋಡು ಇಳಿದ ದಿನವೇ ಬಾಡಿಗೆ, ಹಮಾಲರ ಕೂಲಿಯೂ ಸಂಜೆಯೊಳಗೆ. ಋಣ ಅನ್ನುವ ಮಾತು ನನಗೆ ಅರ್ಥವಾದದ್ದು ಆ ಪುಸ್ತಕದ ಮುಂದೆ. ದೇವಸ್ಥಾನಕ್ಕೆ ಹರಕೆಯನ್ನೂ ಒಪ್ಪಿಸಿದೆವು, ಅದು ಬೇರೆ ಮಾತು.

4. ಅಡುಗೆ ಕಲಿಯಿರಿ. ಒಗ್ಗರಣೆ ವಾಸನೆಗೇ ಅವಳಿಗೆ ವಾಕರಿಕೆ. ಬಾಯೆಲ್ಲ ಹುಣ್ಣು, ನೀರೂ ಕಬ್ಬಿಣದ ರುಚಿ. ರಾಗಿ ಗಂಜಿ ಆರಿಸಿ ಮಜ್ಜಿಗೆ ಬೆರೆಸಿ ಕೊಟ್ಟರೆ ಅರ್ಧ ಲೋಟ ಇಳಿಯುತ್ತಿತ್ತು. ಹಸಿ ತರಕಾರಿಯ ಕೋಸಂಬರಿ ಬೇಡವೆಂದಿದ್ದರು, ಬೇಯಿಸಿದ್ದೇ ಆಗಬೇಕು. ಮೊದಲ ವಾರ ಗಂಜಿ ಗಂಟು ಕಟ್ಟಿತು. ನಮ್ಮ ಮನೆಯಲ್ಲಿ ಉಪ್ಪಿನ ಡಬ್ಬಿ ಎಲ್ಲಿದೆಯೆಂದು ನನಗೆ ಐವತ್ತೆರಡನೇ ವಯಸ್ಸಿನಲ್ಲಿ ಗೊತ್ತಾಯಿತು. ಬೆಳಗಿನ ತಿಂಡಿ ಈಗಲೂ ನನ್ನದೇ.

5. "ನಿಮ್ಮ ಪುಣ್ಯ ದೊಡ್ಡದು, ಅದಕ್ಕೇ ಉಳಿದರು" ಎಂದು ಯಾರಾದರೂ ಅಂದರೆ ನಾನು ಒಪ್ಪುವುದಿಲ್ಲ. ರೇಡಿಯೇಷನ್ ದಿನಗಳಲ್ಲಿ ಬೆಂಗಳೂರಿನ ಧರ್ಮಶಾಲೆಯೊಂದರಲ್ಲಿದ್ದೆವು. ಪಕ್ಕದ ಕೋಣೆಯಲ್ಲಿ ರಾಯಚೂರು ಕಡೆಯ ದಂಪತಿ. ಆ ಗಂಡ ಹೆಂಡತಿಯ ಕೈಕಾಲು ಒತ್ತುತ್ತಿದ್ದದ್ದನ್ನು ನೋಡಿಯೇ ನಾನು ಒತ್ತಲು ಕಲಿತೆ. ಊರಿಂದ ತಂದ ಜೋಳದ ರೊಟ್ಟಿ, ಶೇಂಗಾ ಚಟ್ನಿ ನಮಗೂ ಕೊಡುತ್ತಿದ್ದರು. ದೀಪಾವಳಿಗೆ ಫೋನು ಮಾಡಿದೆ. "ಹೋದ್ಲ್ರಿ ಯಣ್ಣಾ" ಎಂದಷ್ಟೇ ಹೇಳಿ ಸುಮ್ಮನಾದರು. ಅವರು ಯಾವುದರಲ್ಲಿ ನನಗಿಂತ ಕಡಿಮೆ ಇದ್ದರು? ನನ್ನಾಕೆಯ ಗಡ್ಡೆ ಕಂಕುಳಿನ ಗ್ರಂಥಿಗೆ ಹಬ್ಬಿದ್ದರೂ ಅಲ್ಲಿಂದಾಚೆ ಹೋಗಿರಲಿಲ್ಲ, ಆ ಜಾತಿಯ ಗಡ್ಡೆಗೆ ಮಾತ್ರೆಯಿತ್ತು, ಕೊಬ್ಬರಿಯ ದುಡ್ಡಿತ್ತು. ಪುಣ್ಯದ ಲೆಕ್ಕ ಹಾಕಿದರೆ ಆ ಮನುಷ್ಯನಿಗೆ ಅನ್ಯಾಯ. ಈಗಲೂ ತಿಂಗಳಿಗೊಮ್ಮೆ ಫೋನು ಮಾಡುತ್ತೇನೆ. ಮಳೆ, ಬೆಳೆ ಮಾತಾಡುತ್ತೇವೆ.

6. ಚಿಕಿತ್ಸೆ ಮುಗಿದ ಮೇಲಿನ ವರ್ಷಕ್ಕೆ ಸಿದ್ಧರಾಗಿ. ಹಣ್ಣು ಹಿಡಿದು ಬರುತ್ತಿದ್ದ ನೆಂಟರು ನಿಲ್ಲುತ್ತಾರೆ. ಕೂದಲು ಬಂತಲ್ಲ, ಇನ್ನೇನು ಅನ್ನುತ್ತಾರೆ. ಅವಳು ಅಳುತ್ತಿದ್ದದ್ದು ಆಗಲೇ. ಟಾಮಾಕ್ಸಿಫೆನ್ ಮಾತ್ರೆ ಕನಿಷ್ಠ ಐದು ವರ್ಷ ಎಂದಿದ್ದಾರೆ. ಅದರಿಂದ ನಡುರಾತ್ರಿ ಮೈಯೆಲ್ಲ ಕಾವು ಏರಿ ಬೆವರುತ್ತಾಳೆ. ಮ್ಯಾಮೊಗ್ರಾಂ ಹತ್ತಿರ ಬಂದರೆ ಹದಿನೈದು ದಿನ ಊಟ ಸೇರದು. "ದೇವರು ಕಾಪಾಡಿದ್ದಾನೆ, ನಗುನಗುತ್ತಾ ಇರಬಾರದೇ?" ಎಂದು ಒಮ್ಮೆ ಅಂದುಬಿಟ್ಟೆ. "ನಿಮಗೆ ಸಮಾಧಾನ ಆಗ್ಲಿ ಅಂತ ನಾನು ನಗ್ಬೇಕಾ?" ಎಂದಳು. ನನ್ನ ಕೃತಜ್ಞತೆ ನನ್ನದು, ಅವಳಿಂದ ಅದನ್ನು ಕೇಳುವ ಹಕ್ಕು ನನಗಿಲ್ಲ. ಈಗ ಅವಳು ಎದ್ದರೆ ನಾನೂ ಎದ್ದು ಫ್ಯಾನು ಜೋರು ಮಾಡಿ ಪಕ್ಕದಲ್ಲಿ ಕೂರುತ್ತೇನೆ.

7. ವ್ಯಾಪಾರ ಕಡಿಮೆ ಮಾಡಿದ್ದೇನೆ. ಅರಸೀಕೆರೆಯ ಖರೀದಿ ಬಿಟ್ಟೆ, ಸಂಜೆ ಆರಕ್ಕೆ ಮಂಡಿ ಬಾಗಿಲು ಹಾಕುತ್ತೇನೆ. ನಷ್ಟವಾಗಿಲ್ಲವೆಂದರೆ ಸುಳ್ಳಾಗುತ್ತದೆ, ಆಗಿದೆ.

ಹೋದ ತಿಂಗಳು ಹರಾಜಿನ ದಿನ, ಧಾರಣೆ ಏರುತ್ತಿದ್ದ ಹೊತ್ತಿನಲ್ಲಿ ಅವಳ ಫೋನು ಬಂತು. ಆಪರೇಷನ್ ಆದ ಕಡೆಯ ಕೈ ಬಿಗಿದಂತಿದೆ, ಬಳೆ ಹತ್ತುತ್ತಿಲ್ಲ ಎಂದಳು. ಕಂಕುಳಿನ ಗ್ರಂಥಿ ತೆಗೆದವರಿಗೆ ಹೀಗೆ ನೀರು ತುಂಬಿ ಕೈ ಊದುವುದುಂಟು, ಬೇಗ ತೋರಿಸಿದಷ್ಟು ಒಳ್ಳೆಯದು. ಗುಮಾಸ್ತರಿಗೆ ಚೀಟಿ ಕೊಟ್ಟು ಮನೆಗೆ ಬಂದೆ. ಟೇಪು ಹಿಡಿದು ಅಳೆದೆವು, ಎಡಗೈ ಬಲಗೈಗಿಂತ ಎರಡು ಸೆಂ.ಮೀ. ದಪ್ಪ.

"ಯಾವಾಗಿಂದ?" ಎಂದೆ.

"ಇವತ್ತು ಬೆಳಗ್ಗೆಯಿಂದ ರೀ."

ಫೈಲು ತೆಗೆದುಕೊಂಡು ಇಬ್ಬರೂ ಸ್ಟೇಷನ್ನಿಗೆ ಹೊರಟೆವು.